ನುಚ್ಚಾಗುವ ಕಣಗಳು: ತಣಿಸಂದ್ರದ ನೆಲದಿಂದ ಗಣಕಯಂತ್ರದವರೆಗೆ ಒಂದು ಚಾರಿತ್ರಿಕ ಸಮೀಕ್ಷೆ

೧

ಬೆಂಗಳೂರಿನ ಉತ್ತರ ಭಾಗದಲ್ಲಿ, ನಾಗವಾರದಿಂದ ಹೊರಟು ಬೆಳ್ಳಹಳ್ಳಿಯ ಕಡೆಗೆ ಸಾಗುವ ರಸ್ತೆಯ ಮೇಲೆ ತಣಿಸಂದ್ರವೆಂಬ ಊರಿದೆ. ಹೆಸರಿನ ಉತ್ತರಪದವಾದ ‘ಸಂದ್ರ’ವು ‘ಸಮುದ್ರ’ದ ತದ್ಭವ. ದೊಡ್ಡ ಕೆರೆಗೆ ಸಮುದ್ರವೆಂದು ಹೆಸರಿಡುವುದು ನಮ್ಮ ನಾಡಿನ ಹಳೆಯ ವಾಡಿಕೆ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳೂ ಇದಕ್ಕೆ ಸಾಕ್ಷಿಯಾಗಿವೆ. ಬೆಂಗಳೂರು ಪೂರ್ವ ತಾಲ್ಲೂಕಿನ ಕೃಷ್ಣರಾಜಪುರ ಹೋಬಳಿಗೆ ಸೇರಿದ ಈ ಗ್ರಾಮವು ೨೦೦೭ರಲ್ಲಿ ನಗರಪಾಲಿಕೆಯ ಎಲ್ಲೆ ವಿಸ್ತಾರಗೊಂಡಾಗ ನಗರದ ಭಾಗವಾಯಿತು. ಹೊಲಗಳಿದ್ದೆಡೆ ಬಹುಮಹಡಿ ಮನೆಗಳೆದ್ದಿವೆ. ಪಕ್ಕದ ರಾಚೇನಹಳ್ಳಿಯ ಕೆರೆ ಇನ್ನೂ ನೀರು ಹಿಡಿದು ನಿಂತಿದೆಯಾದರೂ ಈ ಪ್ರದೇಶದ ಅನೇಕ ಕೆರೆಗಳ ಅಂಗಳವೂ ರಾಜಕಾಲುವೆಗಳ ಅಂಚೂ ಮಣ್ಣು ತುಂಬಿ ಕಿರಿದಾಗಿವೆ.

ಈ ನೆಲದಲ್ಲಿ ಪಾಯ ತೋಡಿಸಿದವರೆಲ್ಲರೂ ಕಂಡಿರುವ ಒಂದು ಕ್ರಮವುಂಟು. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕಲ್ಲಿನ ಬಣ್ಣವನ್ನೂ ಪಟ್ಟೆಗಳನ್ನೂ ಉಳಿಸಿಕೊಂಡಿದ್ದರೂ ಗುದ್ದಲಿಗೆ ಸಡಿಲಾಗಿ ಉದುರುವ ಪದರ, ಕಡೆಗೆ ಗಟ್ಟಿಯಾದ ಬಂಡೆ. ಈ ಬಂಡೆಯೇ ಸುಮಾರು ೩೦೦ ಕೋಟಿ ವರ್ಷಗಳ ವಯಸ್ಸಿನ ಪರ್ಯಾಯದ್ವೀಪೀಯ ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು ಇದಕ್ಕೆ ಆ ಹೆಸರನ್ನಿತ್ತರು. ಲಾಲ್‌ಬಾಗಿನ ಗುಡ್ಡ ಇದರ ಪ್ರಸಿದ್ಧ ನಿದರ್ಶನ. ಶಿಲೆಯು ಮಳೆ ಬಿಸಿಲುಗಳಿಗೆ ಶಿಥಿಲವಾಗುವಾಗ ಅದರೊಳಗಿನ ಬೆಣಚುಕಲ್ಲಿನ ಕಣಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ; ಫೆಲ್ಡ್‌ಸ್ಪಾರ್ ಕಣಗಳು ಮಾತ್ರ ಒಳಗೊಳಗೇ ಜೇಡಿಯಾಗಿ ಮಾರ್ಪಡುತ್ತ, ಹೊರಗೆ ಕಣದ ಆಕಾರವನ್ನು ಉಳಿಸಿಕೊಂಡೇ ಟೊಳ್ಳಾಗುತ್ತವೆ. ಒಂದು ಹಿಡಿ ಗರಸನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಒತ್ತಿದರೆ ಕೆಲವು ಕಣಗಳು ಚುಚ್ಚುತ್ತವೆ, ಕೆಲವು ಹಿಟ್ಟಾಗುತ್ತವೆ. ಎರಡೂ ಒಂದೇ ಜರಡಿಯಲ್ಲಿ ಒಂದೇ ಗಾತ್ರದವೆಂದು ಲೆಕ್ಕಕ್ಕೆ ಬಂದಂಥವು.

ಕಣವು ಒಡೆಯುವುದೆಂಬ ಈ ಸರಳ ಸಂಗತಿಯನ್ನು ಮೃತ್ತಿಕಾ ಯಂತ್ರಶಾಸ್ತ್ರವು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಏಕೆ ತೆಗೆದುಕೊಳ್ಳಲಿಲ್ಲ, ಯಾವ ಸಂದರ್ಭಗಳಲ್ಲಿ ತೆಗೆದುಕೊಳ್ಳಬೇಕಾಯಿತು, ಕಡೆಗೆ ಗಣಕಯಂತ್ರದೊಳಗೆ ಕಣಗಳನ್ನು ಒಡೆದು ನೋಡುವ ಪದ್ಧತಿ ಹೇಗೆ ರೂಢಿಗೆ ಬಂತು ಎಂಬುದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಶಾಸ್ತ್ರದ ಇತಿಹಾಸವನ್ನು ಸಾಮಾನ್ಯವಾಗಿ ಜೇಡಿಮಣ್ಣಿನ ಇತಿಹಾಸವಾಗಿ ಹೇಳುತ್ತಾರೆ. ನಾವು ಅದನ್ನು ಇಲ್ಲಿ ಕಣದ ಇತಿಹಾಸವಾಗಿ ಹೇಳಲು ಯತ್ನಿಸಿದ್ದೇವೆ.

೨

ಮಣ್ಣಿನ ಬಲವನ್ನು ಗಣಿತದ ಹಿಡಿತಕ್ಕೆ ತಂದವರಲ್ಲಿ ಮೊದಲಿಗನೆಂದು ಎಣಿಸಲ್ಪಡುವ ಫ್ರಾನ್ಸಿನ ಕೂಲಂಬನು ಸೈನ್ಯದ ಇಂಜಿನಿಯರಾಗಿದ್ದವನು. ೧೭೭೩ರಲ್ಲಿ ಪ್ಯಾರಿಸ್ಸಿನ ವಿದ್ವತ್ಪರಿಷತ್ತಿಗೆ ಒಪ್ಪಿಸಿ ೧೭೭೬ರಲ್ಲಿ ಮುದ್ರಿತವಾದ ತನ್ನ ಪ್ರಬಂಧದಲ್ಲಿ ಅವನು ಮಣ್ಣಿನ ಪ್ರತಿರೋಧವನ್ನು ಘರ್ಷಣೆ ಮತ್ತು ಅಂಟು ಎಂದು ಎರಡಾಗಿ ವಿಭಜಿಸಿದನು. ಕಣಗಳು ಒಂದರ ಮೇಲೊಂದು ಜಾರುತ್ತವೆ ಎಂಬುದೇ ಈ ಚಿತ್ರದ ತಿರುಳು. ಜಾರುವ ಕಣವು ತಾನೇ ಸೀಳಿಹೋಗಬಹುದೆಂಬ ಯೋಚನೆಗೆ ಅಲ್ಲಿ ಎಡೆಯಿಲ್ಲ. ಕೋಟೆಯ ತಡೆಗೋಡೆಗಳ ಎತ್ತರಕ್ಕೆ ಅಂಥ ಯೋಚನೆಯ ಆವಶ್ಯಕತೆಯೂ ಇರಲಿಲ್ಲ.

೧೯೨೫ರಲ್ಲಿ ಟೆರ್ಜಾಗಿಯ ಜರ್ಮನ್ ಗ್ರಂಥ ಪ್ರಕಟವಾಗಿ ಆಧುನಿಕ ಮೃತ್ತಿಕಾ ಯಂತ್ರಶಾಸ್ತ್ರಕ್ಕೆ ತಳಹದಿ ದೊರೆಯಿತು. ಮಣ್ಣಿನ ಮೇಲೆ ಬಿದ್ದ ಭಾರದಲ್ಲಿ ನೀರು ಹೊರುವ ಪಾಲೆಷ್ಟು, ಕಣಗಳ ಹಂದರ ಹೊರುವ ಪಾಲೆಷ್ಟು ಎಂಬ ವಿವೇಚನೆ ಅವನ ಮಹತ್ತ್ವದ ಕೊಡುಗೆ. ೧೯೩೬ರಲ್ಲಿ ಕಾಸಾಗ್ರಾಂಡೆಯು, ಸಡಿಲವಾದ ಮರಳು ಕುಗ್ಗುತ್ತಲೂ ಒತ್ತಾದ ಮರಳು ಹಿಗ್ಗುತ್ತಲೂ ಒಂದೇ ನಿರ್ಣಾಯಕ ರಂಧ್ರಾನುಪಾತಕ್ಕೆ ಬಂದು ಸೇರುತ್ತವೆಂದು ತೋರಿಸಿದನು. ೧೯೫೮ರಲ್ಲಿ ಕೇಂಬ್ರಿಜ್ಜಿನ ರಾಸ್ಕೋ, ಸ್ಕೋಫೀಲ್ಡ್ ಮತ್ತು ರಾತ್ ಈ ಭಾವನೆಯನ್ನು ಬೆಳೆಸಿ ನಿರ್ಣಾಯಕ ಸ್ಥಿತಿಯ ಸಿದ್ಧಾಂತವನ್ನು ಕಟ್ಟಿದರು. ೧೯೬೨ರಲ್ಲಿ ರೋ ಎಂಬ ವಿದ್ವಾಂಸನು ಕಣಗಳು ಪರಸ್ಪರ ಏರಿ ಇಳಿಯುವುದರಿಂದ ಉಂಟಾಗುವ ಹಿಗ್ಗುವಿಕೆಗೂ ಪೀಡನಕ್ಕೂ ಇರುವ ಸಂಬಂಧವನ್ನು ನಿರೂಪಿಸಿದನು. ಪೀಡನವೆಂದರೆ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲವೆಂದು ಇಲ್ಲಿ ಗ್ರಹಿಸತಕ್ಕದ್ದು.

ಇವೆಲ್ಲವೂ ಶ್ಲಾಘ್ಯವಾದ ಸಿದ್ಧಾಂತಗಳೇ. ಆದರೆ ಇವುಗಳ ನಡುವೆ ಒಂದು ಒಗಟು ಉಳಿದುಕೊಂಡಿತು. ಜೇಡಿಯನ್ನಾಗಲಿ ಮರಳನ್ನಾಗಲಿ ಉಂಗುರದಲ್ಲಿಟ್ಟು ಒತ್ತುತ್ತ ಹೋಗಿ, ರಂಧ್ರಾನುಪಾತವನ್ನು ಪೀಡನದ ಲಾಗರಿತಮಿಗೆ ಎದುರಾಗಿ ಗುರುತಿಸಿದರೆ, ಒಂದು ಮಟ್ಟದಿಂದಾಚೆಗೆ ಸರಿಸುಮಾರು ನೇರವಾದ ಗೆರೆ ಬರುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಗೆರೆಯನ್ನು ಎಳೆಯುತ್ತಾನೆ. ಅದು ನೇರವಾಗಿರುವುದೇಕೆ ಎಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ನಿರ್ಣಾಯಕ ಸ್ಥಿತಿಯ ಪ್ರಬಂಧ ಪ್ರಕಟವಾದ ೧೯೫೮ರಲ್ಲಿಯೇ ಅಮೆರಿಕದಲ್ಲಿ ರಾಬರ್ಟ್ಸ್ ಮತ್ತು ಡಿ ಸೋಜ ಎಂಬವರು, ಅಧಿಕ ಪೀಡನದಲ್ಲಿ ಮರಳು ಜೇಡಿಯಂತೆಯೇ ಗಣನೀಯವಾಗಿ ಕುಗ್ಗುತ್ತದೆಂದೂ ಆಗ ಕಣಗಳು ಒಡೆಯುತ್ತಿರುತ್ತವೆಂದೂ ವರದಿ ಮಾಡಿದ್ದರು. ಒಗಟೂ ಅದರ ಬೀಗದ ಕೈಯೂ ಒಂದೇ ವರ್ಷದಲ್ಲಿ ಮುದ್ರಿತವಾಗಿದ್ದವು. ಎರಡನ್ನೂ ಜೋಡಿಸಿ ನೋಡಲು ಸುಮಾರು ನಾಲ್ಕು ದಶಕಗಳು ಹಿಡಿದವು.

೩

ಶಾಸ್ತ್ರವು ತಾನಾಗಿ ನೋಡದಿದ್ದುದನ್ನು ಕಟ್ಟಡಗಳು ನೋಡುವಂತೆ ಮಾಡಿದವು. ಇಂಥ ಎರಡು ಪ್ರಸಂಗಗಳನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು.

ಮೊದಲನೆಯದು ಅಣೆಕಟ್ಟಿನದು. ಎರಡನೆಯ ಮಹಾಯುದ್ಧದ ನಂತರ ಒಡೆದ ಬಂಡೆಗಳನ್ನೇ ರಾಶಿಹಾಕಿ ಎತ್ತರವಾದ ಕಟ್ಟೆಗಳನ್ನು ನಿರ್ಮಿಸುವ ಪದ್ಧತಿ ಬಲಗೊಂಡಿತು. ಮೆಕ್ಸಿಕೋ ದೇಶದಲ್ಲಿ ಬಾಲ್ಸಾಸ್ ನದಿಗೆ ಅಡ್ಡಲಾಗಿ ೧೯೬೦ರ ದಶಕದ ಆದಿಯಲ್ಲಿ ಎದ್ದ ಎಲ್ ಇನ್‌ಫಿಯೆರ್ನಿಯೊ ಕಟ್ಟೆಯ ಎತ್ತರ ಸುಮಾರು ೧೪೮ ಮೀಟರು. ಒಂದು ಘನ ಮೀಟರ್ ಕಲ್ಲುರಾಶಿಯ ತೂಕವನ್ನು ೨೦ ಕಿಲೊನ್ಯೂಟನ್ ಎಂದು ಹಿಡಿದರೆ, ಅಂಥ ಕಟ್ಟೆಯ ಬುಡದಲ್ಲಿ ಲಂಬ ಪೀಡನವು ಸುಮಾರು ೩ ಮೆಗಾಪ್ಯಾಸ್ಕಲ್ ಆಗುತ್ತದೆ. ಆ ದೇಶದ ಮಾರ್ಸಾಲ್ ಎಂಬ ಇಂಜಿನಿಯರು ಒಂದು ಮೀಟರಿಗಿಂತಲೂ ಹೆಚ್ಚಿನ ವ್ಯಾಸವುಳ್ಳ ಕಲ್ಲುರಾಶಿಯ ಮಾದರಿಗಳನ್ನು ತ್ರಿಅಕ್ಷ ಯಂತ್ರದಲ್ಲಿಟ್ಟು ಒತ್ತಿ, ಪರೀಕ್ಷೆಗೆ ಮುಂಚೆಯೂ ಅನಂತರವೂ ಜರಡಿ ಹಿಡಿದು, ಒಡೆದ ಪಾಲೆಷ್ಟೆಂದು ಅಳೆದು ೧೯೬೭ರಲ್ಲಿ ಪ್ರಕಟಿಸಿದರು. ಕಲ್ಲು ಎಷ್ಟು ಒಡೆಯುವುದೋ ಅಷ್ಟು ರಾಶಿ ಕುಗ್ಗುವುದು, ಅದರ ಘರ್ಷಣಾಕೋನ ತಗ್ಗುವುದು ಎಂಬ ಸಂಗತಿ ಇದರಿಂದ ಸ್ಪಷ್ಟವಾಯಿತು. ಅದೇ ವರ್ಷ ಲೀ ಮತ್ತು ಫರ್ಹೂಮಂಡ್ ಎಂಬವರು, ಕಟ್ಟೆಯ ಒಡಲಲ್ಲಿ ನೀರು ಸೋಸಲು ಇಡುವ ಮರಳು ಜಲ್ಲಿಗಳ ಪದರಗಳು ಭಾರಕ್ಕೆ ಪುಡಿಯಾಗುವ ಬಗೆಯನ್ನು ಪರಿಶೀಲಿಸಿದರು. ಸೋಸುವ ಪದರವು ಹಿಟ್ಟಾದರೆ ಅದರ ರಂಧ್ರಗಳು ಮುಚ್ಚಿಹೋಗುತ್ತವೆ. ನೀರನ್ನು ಹೊರಬಿಡಬೇಕಾದ ಪದರವೇ ಅದನ್ನು ಒಳಗೆ ಹಿಡಿದು ನಿಲ್ಲಿಸುತ್ತದೆ. ಆದುದರಿಂದ ಕಣಭಂಗವು ಕೇವಲ ಬಲದ ಪ್ರಶ್ನೆಯಲ್ಲ, ನೀರಿನ ಪ್ರಶ್ನೆಯೂ ಹೌದು.

ಎರಡನೆಯದು ಸಮುದ್ರದ ಪ್ರಸಂಗ. ಪಶ್ಚಿಮ ಆಸ್ಟ್ರೇಲಿಯದ ಕರಾವಳಿಯಾಚೆ ನಾರ್ತ್ ರ‍್ಯಾಂಕಿನ್ ಎಂಬ ಅನಿಲಕ್ಷೇತ್ರದಲ್ಲಿ ೧೯೮೨ರಲ್ಲಿ ಉಕ್ಕಿನ ದೊಡ್ಡ ವೇದಿಕೆಯೊಂದನ್ನು ನಿಲ್ಲಿಸಲಾಯಿತು. ಅದನ್ನು ನೆಲಕ್ಕೆ ಬಿಗಿಯಲು ಕೊಳವೆಗಂಬಗಳನ್ನು ಹೊಡೆಯತೊಡಗಿದಾಗ, ಸುತ್ತಿಗೆಯ ಪೆಟ್ಟು ಬೇಕಿಲ್ಲದೆಯೇ ಅವು ತಮ್ಮ ತೂಕದಿಂದಲೇ ಬಹಳ ಆಳಕ್ಕೆ ಇಳಿದುಹೋದವು. ಅಲ್ಲಿನ ಮರಳು ಬೆಣಚಿನದಲ್ಲ. ಸೂಕ್ಷ್ಮ ಜೀವಿಗಳ ಚಿಪ್ಪುಗಳಿಂದಾದ ಸುಣ್ಣದ ಮರಳು. ಪ್ರತಿ ಕಣವೂ ಒಳಗೆ ಟೊಳ್ಳು. ಕಂಬ ಇಳಿಯುವಾಗ ಕಣಗಳು ಒಡೆದು, ಮರಳು ಕುಗ್ಗಿ, ಕಂಬವನ್ನು ಪಕ್ಕದಿಂದ ಹಿಡಿಯಬೇಕಾದ ಒತ್ತಡವೇ ಇಲ್ಲವಾಯಿತು. ಬೆಣಚಿನ ಮರಳಿನಲ್ಲಿ ಗಳಿಸಿದ ಅನುಭವವನ್ನು ಹಾಗೆಯೇ ಬೇರೊಂದು ಮರಳಿಗೆ ಅನ್ವಯಿಸಿದುದರ ಫಲವಿದು. ವೇದಿಕೆಯನ್ನು ಭದ್ರಪಡಿಸಲು ಅಪಾರ ವೆಚ್ಚವಾಯಿತು. ೧೯೮೮ರಲ್ಲಿ ಪರ್ತ್ ನಗರದಲ್ಲಿ ಈ ಮರಳುಗಳನ್ನೇ ಕುರಿತು ಅಂತರರಾಷ್ಟ್ರೀಯ ಸಮ್ಮೇಳನವೊಂದು ಜರುಗಿತು.

ಈ ಎರಡು ಪ್ರಸಂಗಗಳಲ್ಲಿಯೂ ಸಾಮಾನ್ಯವಾದ ಅಂಶವೊಂದಿದೆ. ಜರಡಿಯು ಕಣದ ಗಾತ್ರವನ್ನು ಹೇಳುತ್ತದೆ. ಕಣದ ಗಟ್ಟಿತನವನ್ನು ಹೇಳುವುದಿಲ್ಲ.

೪

ನಮ್ಮ ದೇಶದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕಣಭಂಗದ ಪರಿಚಯ ಬೇರೊಂದು ಬಾಗಿಲಿನಿಂದ ಆಗುತ್ತದೆ. ೧೯೬೩ರಲ್ಲಿ ಪ್ರಕಟವಾದ ಭಾರತೀಯ ಮಾನಕ ೨೩೮೬ರ ನಾಲ್ಕನೆಯ ಭಾಗವು ಜಲ್ಲಿಯ ಜಜ್ಜುಮೌಲ್ಯವನ್ನು ಕಂಡುಹಿಡಿಯುವ ಕ್ರಮವನ್ನು ವಿಧಿಸುತ್ತದೆ. ೧೦ ಮಿಲಿಮೀಟರ್ ಜರಡಿಯ ಮೇಲೆ ನಿಂತು ೧೨.೫ ಮಿಲಿಮೀಟರ್ ಜರಡಿಯಲ್ಲಿ ಇಳಿದ ಜಲ್ಲಿಯನ್ನು ಉಕ್ಕಿನ ಉರುಳೆಯಲ್ಲಿ ತುಂಬಿ, ಹತ್ತು ನಿಮಿಷಗಳಲ್ಲಿ ೪೦ ಟನ್ ಭಾರಕ್ಕೆ ಏರಿಸಿ, ೨.೩೬ ಮಿಲಿಮೀಟರ್ ಜರಡಿಯ ಮೂಲಕ ಇಳಿಯುವ ಪುಡಿಯ ಶೇಕಡಾ ಪ್ರಮಾಣವನ್ನು ತೂಗುವುದೇ ಆ ಕ್ರಮ. ರಸ್ತೆಯ ಮೇಲ್ಪದರಕ್ಕೆ ಬಳಸುವ ಜಲ್ಲಿಯಲ್ಲಿ ಇದು ಶೇಕಡಾ ೩೦ನ್ನು ಮೀರಬಾರದು. ಈ ಪರೀಕ್ಷೆ ಉಪಯುಕ್ತವಾದುದೇ. ಆದರೆ ಇದು ಒಂದು ಅಂಕಿಯನ್ನು ಕೊಡುತ್ತದೆಯೇ ಹೊರತು ಒಳಗೆ ಏನಾಯಿತೆಂಬ ವೃತ್ತಾಂತವನ್ನಲ್ಲ. ಉರುಳೆಯ ಬಾಯಿ ತೆರೆದಾಗ ಕಾಣುವುದು ಯುದ್ಧ ಮುಗಿದ ಮೇಲಿನ ರಣರಂಗ ಮಾತ್ರ.

೧೯೮೫ರಲ್ಲಿ ಹಾರ್ಡಿನ್ ಎಂಬ ವಿದ್ವಾಂಸನು, ಪರೀಕ್ಷೆಗೆ ಮುಂಚಿನ ಮತ್ತು ಅನಂತರದ ಜರಡಿಯ ವಕ್ರರೇಖೆಗಳ ನಡುವಿನ ಕ್ಷೇತ್ರವನ್ನು ಭಂಗದ ಅಳತೆಯಾಗಿ ಸ್ವೀಕರಿಸುವ ಸೂಕ್ತವಾದ ವಿಧಾನವನ್ನು ಸೂಚಿಸಿದನು. ಅಳತೆ ದೊರೆತ ಮೇಲೆ ಕಾರಣವನ್ನು ಅರಸುವುದು ಸಹಜ. ಇಲ್ಲಿ ಸ್ವೀಡನ್ನಿನ ವೈಬುಲ್ಲನು ೧೯೩೯ರಲ್ಲಿ ಆರಂಭಿಸಿ ೧೯೫೧ರಲ್ಲಿ ವಿಸ್ತರಿಸಿದ ಸಂಖ್ಯಾಶಾಸ್ತ್ರೀಯ ಸಿದ್ಧಾಂತವು ನೆರವಿಗೆ ಬಂತು. ಕಣವು ದೊಡ್ಡದಾದಷ್ಟೂ ಅದರೊಳಗೆ ಬಿರುಕುಗಳಿರುವ ಸಂಭವ ಹೆಚ್ಚು. ಆದ್ದರಿಂದ ಅದರ ಬಲ ಕಡಮೆ. ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ೧ ಮಿಲಿಮೀಟರ್ ಕಣವೊಂದು ಎರಡು ಫಲಕಗಳ ನಡುವೆ ೩೦ ನ್ಯೂಟನ್ ಬಲಕ್ಕೆ ಸೀಳಿತೆನ್ನೋಣ. ಬಲವನ್ನು ವ್ಯಾಸದ ವರ್ಗದಿಂದ ಭಾಗಿಸಿದರೆ ಕಣದ ಬಲ ೩೦ ಮೆಗಾಪ್ಯಾಸ್ಕಲ್. ೨ ಮಿಲಿಮೀಟರ್ ಕಣದ ಬಲವೂ ಅಷ್ಟೇ ಆಗಿದ್ದಲ್ಲಿ ಅದನ್ನು ಸೀಳಲು ೧೨೦ ನ್ಯೂಟನ್ ಬೇಕು. ವೈಬುಲ್ಲನ ಘಾತಾಂಕವನ್ನು ೩ ಎಂದು ಹಿಡಿದರೆ ವ್ಯಾಸ ಇಮ್ಮಡಿಯಾದಾಗ ಬಲ ಅರ್ಧವಾಗುವುದರಿಂದ, ವಾಸ್ತವವಾಗಿ ೬೦ ನ್ಯೂಟನ್‌ಗೇ ಅದು ಸೀಳುತ್ತದೆ.

ಹಾಗಾದರೆ ರಾಶಿಯಲ್ಲಿ ಮೊದಲು ಒಡೆಯುವುದು ದೊಡ್ಡ ಕಣಗಳೇ ಎಂದು ತೋರುತ್ತದೆ. ೧೯೯೬ರಲ್ಲಿ ಕೇಂಬ್ರಿಜ್ಜಿನ ಮೆಕ್‌ಡೋವೆಲ್, ಬೋಲ್ಟನ್ ಮತ್ತು ರಾಬರ್ಟ್‌ಸನ್ ಈ ತೋರಿಕೆಯನ್ನು ತಿದ್ದಿದರು. ದೊಡ್ಡ ಕಣದ ಸುತ್ತ ಸಣ್ಣವು ಸೇರಿಕೊಂಡಾಗ ಅದಕ್ಕೆ ಎಲ್ಲ ಕಡೆಯಿಂದಲೂ ಆಸರೆ ದೊರೆಯುತ್ತದೆ. ಹತ್ತು ಬೆರಳುಗಳು ಹಿಡಿದ ಮೊಟ್ಟೆ ಒಡೆಯುವುದಿಲ್ಲ, ಎರಡು ಬೆರಳುಗಳ ನಡುವೆ ಸಿಕ್ಕಿದ್ದು ಒಡೆಯುತ್ತದೆ. ಸಣ್ಣ ಕಣವು ಬಲಿಷ್ಠವಾದರೂ ಅದಕ್ಕೆ ಆಸರೆ ಕಡಮೆ. ಆಸರೆಯ ಪ್ರಭಾವ ಮೇಲುಗೈಯಾದಲ್ಲಿ ಕೆಲವು ದೊಡ್ಡ ಕಣಗಳು ಕಡೆಯವರೆಗೂ ಉಳಿದು, ಸಣ್ಣವು ಇನ್ನೂ ಸಣ್ಣವಾಗುತ್ತ ಹೋಗುತ್ತವೆ. ಹೀಗೆ ಹುಟ್ಟುವ ಗಾತ್ರಗಳ ಶ್ರೇಣಿಯು ಯಾವ ಮಟ್ಟದಲ್ಲಿ ನೋಡಿದರೂ ತನ್ನನ್ನೇ ಹೋಲುವಂಥದು. ಇದನ್ನೇ ಫ್ರ್ಯಾಕ್ಟಲ್ ರಚನೆಯೆನ್ನುತ್ತಾರೆ. ಬೀಸುಕಲ್ಲಿನಲ್ಲಿ ಅಕ್ಕಿಯನ್ನು ಒಡೆದವರಿಗೆ ಇದು ಹೊಸದಲ್ಲ: ಹಿಟ್ಟು, ತರಿ, ನುಚ್ಚುಗಳ ಜೊತೆಗೆ ಒಂದೆರಡು ಇಡಿಯ ಕಾಳುಗಳೂ ಹೊರಬರುತ್ತವೆ. ಪ್ರತಿ ಹಂತದಲ್ಲಿಯೂ ಸಣ್ಣ ಚೂರುಗಳು ಹೊಸ ರಂಧ್ರಗಳನ್ನು ತುಂಬುವುದರಿಂದಲೇ ಹಿಂದೆ ಹೇಳಿದ ಆ ಗೆರೆಯು ನೇರವಾಗಿರುತ್ತದೆಂಬುದು ಈ ವಿದ್ವಾಂಸರ ಸಿದ್ಧಾಂತ. ೧೯೫೮ರ ಒಗಟಿಗೆ ಇದು ಮೊದಲ ಸಮರ್ಪಕ ಉತ್ತರವಾಗಿ ಪರಿಗಣಿಸತಕ್ಕದ್ದಾಗಿದೆ.

ಆದರೆ ಸಿದ್ಧಾಂತವನ್ನು ಪರೀಕ್ಷಿಸುವುದೆಂತು? ಮರಳಿನ ರಾಶಿಯ ಒಳಗೆ, ಒತ್ತಡ ಏರುತ್ತಿರುವಾಗಲೇ, ಯಾವ ಕಣಕ್ಕೆ ಎಷ್ಟು ಆಸರೆಯಿದೆ, ಯಾವುದು ಯಾವ ಕ್ಷಣದಲ್ಲಿ ಸೀಳಿತು ಎಂದು ನೋಡಬೇಕಾಗುತ್ತದೆ. ಕಣ್ಣಿಗೆ ಇದು ಸಾಧ್ಯವಿಲ್ಲ. ಗಣಕಯಂತ್ರದ ಪ್ರವೇಶ ಆಗುವುದು ಇಲ್ಲಿಯೇ.

೫

ಬಂಡೆಗಳ ತುಂಡುಗಳು ಜಾರುವ ಬಗೆಯನ್ನು ಲೆಕ್ಕಹಾಕಲು ಪೀಟರ್ ಕುಂಡಾಲ್ ಅವರು ೧೯೭೧ರಲ್ಲಿ ಒಂದು ಪದ್ಧತಿಯನ್ನು ಮಂಡಿಸಿದ್ದರು. ಅದನ್ನು ಬಿಡಿ ಕಣಗಳಿಗೆ ಅಳವಡಿಸಿ ಅವರೂ ಸ್ಟ್ರ್ಯಾಕ್ ಎಂಬವರೂ ೧೯೭೯ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದ ಮೂಲಗ್ರಂಥವೆನಿಸಿದೆ. ಬಿಡಿಘಟಕ ವಿಧಾನವೆಂದು ನಾವು ಕರೆಯಬಹುದಾದ ಇದರ ತತ್ತ್ವ ಅತಿ ಸರಳ. ಎರಡು ಕಣಗಳು ಸಂಧಿಸಿದಲ್ಲಿ ಅವು ಲೇಶಮಾತ್ರ ಒಂದರೊಳಗೊಂದು ಹೊಕ್ಕವೆಂದು ಭಾವಿಸಿ, ಹೊಕ್ಕ ದೂರಕ್ಕೆ ಅನುಗುಣವಾಗಿ ಸ್ಪ್ರಿಂಗಿನಂತೆ ಬಲವನ್ನು ಎಣಿಸುವುದು. ಪಕ್ಕದ ಬಲವು ಕೂಲಂಬನ ಘರ್ಷಣಾಮಿತಿಯನ್ನು ಮೀರಿದರೆ ಕಣವನ್ನು ಜಾರಲು ಬಿಡುವುದು. ಪ್ರತಿ ಕಣದ ಮೇಲಿನ ಬಲಗಳನ್ನು ಕೂಡಿಸಿ ನ್ಯೂಟನ್ನನ ಎರಡನೆಯ ನಿಯಮದಂತೆ ಅದನ್ನು ಒಂದು ಕಿರುಗಾಲದಷ್ಟು ಮುಂದಕ್ಕೆ ಸರಿಸುವುದು. ಮತ್ತೆ ಮೊದಲಿನಿಂದ ಆರಂಭಿಸುವುದು. ಎರಡು ಶತಮಾನಗಳಿಗೂ ಹಿಂದೆ ಕೂಲಂಬನು ಹೇಳಿದ ಜಾರುವ ಕಣವೇ ಇಲ್ಲಿಯೂ ಜಾರುತ್ತಿದೆ. ಆದರೆ ಈಗ ಪ್ರತಿಯೊಂದು ಜಾರುವಿಕೆಗೂ ಲೆಕ್ಕವುಂಟು.

ಪದ್ಧತಿಯ ಯಥಾರ್ಥತೆಯನ್ನು ಕುಂಡಾಲ್ ಮತ್ತು ಸ್ಟ್ರ್ಯಾಕ್ ಅವರು ಒಂದು ಬೆಳಕಿನ ಪ್ರಯೋಗದೊಡನೆ ಹೋಲಿಸಿ ಸ್ಥಾಪಿಸಿದರು. ಪೀಡನಕ್ಕೆ ಒಳಗಾದಾಗ ಬೆಳಕಿನ ಪಟ್ಟೆಗಳನ್ನು ತೋರುವ ಪಾರದರ್ಶಕ ಬಿಲ್ಲೆಗಳನ್ನು ಜೋಡಿಸಿ ಒತ್ತುವ ಪ್ರಯೋಗಗಳನ್ನು ೧೯೫೭ರಲ್ಲಿ ದಾಂತು ಮತ್ತು ೧೯೬೯ರಲ್ಲಿ ಡಿ ಯೊಸೆಲಿನ್ ಡಿ ಯಾಂಗ್ ಹಾಗೂ ವೆರೌಟ್ ನಡೆಸಿದ್ದರು. ರಾಶಿಯ ಭಾರವನ್ನು ಎಲ್ಲ ಕಣಗಳೂ ಸಮವಾಗಿ ಹೊರುವುದಿಲ್ಲ. ಕೆಲವೇ ಕಣಗಳ ಸರಪಣಿಗಳು ಹೆಚ್ಚಿನ ಭಾರವನ್ನು ಹೊತ್ತು, ನಡುವಿನ ಅನೇಕ ಕಣಗಳು ನಿಶ್ಚಿಂತವಾಗಿ ಕುಳಿತಿರುತ್ತವೆ ಎಂಬ ಸತ್ಯವನ್ನು ಆ ಬಿಲ್ಲೆಗಳು ಬೆಳಗಿ ತೋರಿಸಿದ್ದವು. ಲೆಕ್ಕದಲ್ಲಿಯೂ ಅದೇ ಸರಪಣಿಗಳು ಮೂಡಿದುವು.

ಈ ವಿದ್ಯೆಯು ತಣಿಸಂದ್ರಕ್ಕೆ ಬಹು ದೂರವಿಲ್ಲದ ಯಶವಂತಪುರದ ಮಗ್ಗುಲಿಗೇ ಬಂತು. ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕಕೇಂದ್ರವು ೧೯೭೦ರ ಸುಮಾರಿಗೆ ಐಬಿಎಂ ೩೬೦ ಮಾದರಿಯ ಯಂತ್ರದೊಡನೆ ಕಾರ್ಯಾರಂಭ ಮಾಡಿತು. ೨೦೨೨ರಲ್ಲಿ ಅಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ವು ಕ್ಷಣಕ್ಕೆ ೩.೩ ಪೆಟಾಫ್ಲಾಪ್‌ಗಳ, ಅಂದರೆ ೩೩೦೦ ಲಕ್ಷ ಕೋಟಿ ಗಣನಕ್ರಿಯೆಗಳ, ಸಾಮರ್ಥ್ಯವುಳ್ಳದ್ದು. ಕೆನಡದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡಿಬಂದ ಟಿ. ಜಿ. ಸೀತಾರಾಮ್ ಅವರು ಇಲ್ಲಿನ ಸಿವಿಲ್ ವಿಭಾಗದಲ್ಲಿ ಬಿಡಿಘಟಕ ವಿಧಾನವನ್ನು ಬೆಳೆಸಿದರು. ಭೂಕಂಪದ ಅಲುಗಾಟಕ್ಕೆ ನೀರುತುಂಬಿದ ಮರಳು ದ್ರವದಂತಾಗುವ ಬಗೆಯನ್ನು ಗಣಕದಲ್ಲಿ ಅನುಕರಿಸಿ ಅವರೂ ದಿನೇಶ್ ಅವರೂ ೨೦೦೩ರಲ್ಲಿ ಪ್ರಕಟಿಸಿದ ಪ್ರಬಂಧವು ಭಾರತದಲ್ಲಿ ಈ ದಿಕ್ಕಿನ ಗಮನಾರ್ಹ ಕಾರ್ಯ. ಅದೇ ವಿಭಾಗದಲ್ಲಿ ಜಿ. ಮಾಧವಿ ಲತಾ ಅವರು ಕಣಗಳ ಆಕಾರ ಮತ್ತು ಮೈಯ ಒರಟುತನಗಳನ್ನು ಚಿತ್ರಗಳಿಂದ ಅಳೆಯುವ ಸಂಶೋಧನೆಯನ್ನು ಮುನ್ನಡೆಸಿದ್ದಾರೆ. ಗಣಕದ ಗೋಲಗಳು ಎಷ್ಟು ನುಣುಪಾಗಿದ್ದರೂ ನೆಲದ ಕಣವು ಗೋಲವಲ್ಲವೆಂಬುದನ್ನು ಇಂಥ ಕಾರ್ಯಗಳು ನೆನಪಿನಲ್ಲಿಡುತ್ತವೆ.

೬

ಜಾರುವ ಕಣಗಳನ್ನು ಎಣಿಸಿದ್ದಾಯಿತು. ಒಡೆಯುವ ಕಣಗಳನ್ನು ಎಣಿಸುವುದು ಹೇಗೆ? ಇದಕ್ಕೆ ಎರಡು ಮಾರ್ಗಗಳು ಬೆಳೆದವು.

ಮೊದಲನೆಯದರಲ್ಲಿ ಪ್ರತಿ ಕಣವನ್ನೂ ಹಲವು ಸಣ್ಣ ಗೋಲಗಳನ್ನು ಅಂಟಿಸಿದ ಉಂಡೆಯಂತೆ ಕಟ್ಟುತ್ತಾರೆ. ಅಂಟಿನ ಬಲ ಮೀರಿದಾಗ ಉಂಡೆ ಬಿಚ್ಚಿಕೊಳ್ಳುತ್ತದೆ. ನಡುನಡುವೆ ಕೆಲವು ಗೋಲಗಳನ್ನು ಮನಬಂದಂತೆ ತೆಗೆದುಹಾಕಿದರೆ ಅದು ನಿಜವಾದ ಕಣದೊಳಗಿನ ದೋಷಗಳನ್ನು ಹೋಲುತ್ತದೆ. ವೈಬುಲ್ಲನ ನಿಯಮವೂ ತಾನಾಗಿ ಹೊರಡುತ್ತದೆ. ಚೆಂಗ್, ನಕಾಟ ಮತ್ತು ಬೋಲ್ಟನ್ ೨೦೦೩ರಲ್ಲಿ ಇಂಥ ಕೆಲವು ನೂರು ಉಂಡೆಗಳ ಮಾದರಿಯನ್ನು ಗಣಕದೊಳಗೆ ಒತ್ತಿ, ಬೆಣಚಿನ ಮರಳಿನ ಕುಗ್ಗುವಿಕೆಯನ್ನು ಹೋಲುವ ವಕ್ರರೇಖೆಯನ್ನು ಪಡೆದರು. ಎರಡನೆಯ ಮಾರ್ಗದಲ್ಲಿ ಕಣವು ಒಂದೇ ಗೋಲ. ಅದರ ಮೇಲಿನ ಪೀಡನ ಒಂದು ಮಿತಿಯನ್ನು ದಾಟಿದಾಗ ಅದನ್ನು ತೆಗೆದು ಅದರ ಸ್ಥಾನದಲ್ಲಿ ಸಣ್ಣ ಗೋಲಗಳನ್ನಿಡುತ್ತಾರೆ. ೧೯೯೮ರಲ್ಲಿ ಆಸ್ಟ್ರೋಮ್ ಮತ್ತು ಹೆರ್ಮನ್ ಇದನ್ನು ಸಮತಲದ ಬಿಲ್ಲೆಗಳಲ್ಲಿ ತೋರಿಸಿದರು; ಮುಂದೆ ಡಿ ಬೋನೊ ಮತ್ತು ಮೆಕ್‌ಡೋವೆಲ್ ಮೊದಲಾದವರು ಅದನ್ನು ಮೂರು ಆಯಾಮಗಳಿಗೆ ವಿಸ್ತರಿಸಿದರು. ೨೦೦೭ರಲ್ಲಿ ಐನಾವ್ ಅವರು ಬಿಡಿ ಕಣಗಳ ಗೊಡವೆಯಿಲ್ಲದೆ, ಒಡೆಯಲು ವ್ಯಯವಾಗುವ ಶಕ್ತಿಯನ್ನೇ ಆಧಾರವಾಗಿಟ್ಟು ಭಂಗದ ಯಂತ್ರಶಾಸ್ತ್ರವೊಂದನ್ನು ರಚಿಸಿದರು.

ಈ ಮಾರ್ಗಗಳ ಗುಣಗಳನ್ನು ಒಪ್ಪುತ್ತಲೇ ಅವುಗಳ ಇತಿಮಿತಿಗಳನ್ನೂ ವಿಚಾರಿಸುವುದು ಅವಶ್ಯಕ. ಉಂಡೆಯೊಳಗಿನ ಖಾಲಿ ಜಾಗವನ್ನು ಕಣದ ಭಾಗವೆಂದು ಎಣಿಸಬೇಕೋ ರಂಧ್ರವೆಂದು ಎಣಿಸಬೇಕೋ ಎಂಬ ತೊಡಕು ಮೊದಲನೆಯದರಲ್ಲಿದೆ; ಉಂಡೆ ಒಡೆದ ಕೂಡಲೆ ಒಳಗಿನ ಖಾಲಿ ಜಾಗ ಹೊರಗಾಗುತ್ತದೆ. ಅಲ್ಲದೆ ಮೂಲ ಗೋಲಕ್ಕಿಂತ ಸಣ್ಣದಾಗಿ ಏನೂ ಒಡೆಯಲಾರದು. ಎರಡನೆಯದರಲ್ಲಿ, ದೊಡ್ಡ ಗೋಲದ ಜಾಗದಲ್ಲಿ ಸಣ್ಣ ಗೋಲಗಳು ಪೂರ್ತಿಯಾಗಿ ಹಿಡಿಸುವುದಿಲ್ಲವಾಗಿ, ಒಂದೋ ದ್ರವ್ಯದ ಒಂದು ಪಾಲು ಮಾಯವಾಗಬೇಕು, ಇಲ್ಲವೆ ಹೊಸ ಗೋಲಗಳು ಕ್ಷಣಕಾಲ ಒಂದರೊಳಗೊಂದು ಹುದುಗಿರಬೇಕು.

ಎಲ್ಲಕ್ಕಿಂತ ದೊಡ್ಡ ಅಡಚಣೆ ಸಂಖ್ಯೆಯದು. ಪ್ರಯೋಗಶಾಲೆಯ ಸಾಮಾನ್ಯ ತ್ರಿಅಕ್ಷ ಮಾದರಿಯ ವ್ಯಾಸ ೩೮ ಮಿಲಿಮೀಟರ್, ಎತ್ತರ ೭೬ ಮಿಲಿಮೀಟರ್. ಘನ ಅಳತೆ ಸುಮಾರು ೮೬ ಘನ ಸೆಂಟಿಮೀಟರ್. ಕಣಗಳ ವ್ಯಾಸ ಅರ್ಧ ಮಿಲಿಮೀಟರ್, ಅವು ತುಂಬಿದ ಪಾಲು ಶೇಕಡಾ ೬೦ ಎಂದಿಟ್ಟುಕೊಂಡರೆ ಒಂದು ಘನ ಸೆಂಟಿಮೀಟರಿನಲ್ಲಿ ೯೦೦೦ಕ್ಕೂ ಹೆಚ್ಚು ಕಣಗಳು. ಇಡಿಯ ಮಾದರಿಯಲ್ಲಿ ಸುಮಾರು ೭.೯ ಲಕ್ಷ. ಪ್ರತಿ ಕಣವನ್ನೂ ೫೦ ಗೋಲಗಳ ಉಂಡೆಯೆಂದು ಕಟ್ಟಿದರೆ ಸುಮಾರು ೪ ಕೋಟಿ ಗೋಲಗಳಾಗುತ್ತವೆ. ೨೦೦೩ರ ಸಂಶೋಧಕರ ಕೆಲವು ನೂರು ಉಂಡೆಗಳೆಂದರೆ ಒಂದು ಚಿಟಿಕೆ ಮರಳಿಗೂ ಕಡಮೆ. ಯಂತ್ರಗಳ ವೇಗ ಬೆಳೆದಂತೆ ಈ ಅಂತರ ಕಿರಿದಾಗುತ್ತಿದೆಯೆಂಬುದು ನಿಜ. ಆದರೆ ಅಂಥ ಮಾದರಿಯೂ ಒಂದು ಹಿಡಿ ಮಣ್ಣೇ ಹೊರತು ಒಂದು ಕಟ್ಟೆಯಲ್ಲ.

ಹೀಗಿರಲು, ಗಣಕದ ಅನುಕರಣವು ಹೊಸ ಸತ್ಯವನ್ನು ಕಂಡುಹಿಡಿಯಿತೋ ಅಥವಾ ನಾವು ಒಳಗಿಟ್ಟುದನ್ನೇ ನಮಗೆ ಮರಳಿ ಕೊಟ್ಟಿತೋ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಭಾಗಶಃ ಸರಿ. ಅಂಟಿನ ಬಲವನ್ನು ನಾವೇ ಆರಿಸಿದ್ದೇವೆ. ಆದರೆ ಆ ಅಂಟಿನಿಂದ ನೇರವಾದ ಗೆರೆ ಹೊರಡಬೇಕೆಂದು ನಾವು ವಿ‌ಧಿಸಿರಲಿಲ್ಲ. ದೊಡ್ಡ ಕಣಕ್ಕೆ ಸಣ್ಣವು ಆಸರೆಯಾಗುತ್ತವೆಂಬ ತರ್ಕವನ್ನು ಕಾಗದದ ಮೇಲೆ ಬರೆದಿದ್ದೆವು. ಕಣದಿಂದ ಕಣಕ್ಕೆ ಅದು ನಡೆಯುವುದನ್ನು ತೋರಿಸಿದ್ದು ಯಂತ್ರ. ಅನುಕರಣದ ನಿಜವಾದ ಪ್ರಯೋಜನವಿರುವುದು ಅದು ನಮ್ಮನ್ನು ಕೇಳುವ ಪ್ರಶ್ನೆಯಲ್ಲಿ. ಕಣದ ಬಲವೆಷ್ಟು, ಅದು ಗಾತ್ರದೊಡನೆ ಹೇಗೆ ವ್ಯತ್ಯಾಸವಾಗುತ್ತದೆ ಎಂದು ಹೇಳದೆ ಯಂತ್ರವು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಜರಡಿಯು ಎಂದೂ ಕೇಳದ ಪ್ರಶ್ನೆ ಇದು.

೭

ಈಗ ತಣಿಸಂದ್ರಕ್ಕೆ ಹಿಂದಿರುಗೋಣ. ಅಣೆಕಟ್ಟಿನ ಬುಡದ ಪೀಡನವೆಲ್ಲಿ, ನಮ್ಮ ಮನೆಗಳ ಪಾಯವೆಲ್ಲಿ ಎಂದು ಓದುಗರು ಕೇಳುವುದು ನ್ಯಾಯವೇ. ಲೆಕ್ಕ ಮಾಡಿ ನೋಡಬಹುದು. ಅಂತಸ್ತಿಗೆ ೧೨ ಕಿಲೊಪ್ಯಾಸ್ಕಲ್‌ನಂತೆ ಹತ್ತು ಅಂತಸ್ತಿನ ಕಟ್ಟಡವು ನೆಲದ ಮೇಲೆ ಹೊರಿಸುವ ಪೀಡನ ೧೨೦ ಕಿಲೊಪ್ಯಾಸ್ಕಲ್. ಪೀಡನವನ್ನು ವ್ಯಾಸದ ವರ್ಗದಿಂದ ಗುಣಿಸಿದರೆ ಕಣದ ಮೇಲಿನ ಸರಾಸರಿ ಬಲದ ಅಂದಾಜು ದೊರೆಯುತ್ತದೆ: ೧ ಮಿಲಿಮೀಟರ್ ಕಣಕ್ಕೆ ೦.೧೨ ನ್ಯೂಟನ್. ಹಿಂದಿನ ಉದಾಹರಣೆಯ ೩೦ ನ್ಯೂಟನ್‌ಗೆ ಇದು ೨೫೦ರಲ್ಲಿ ಒಂದು ಪಾಲು. ಗಟ್ಟಿಯಾದ ಬೆಣಚಿನ ಮರಳು ಇಲ್ಲಿ ಒಡೆಯಲಾರದು. ಈ ವಿಷಯದಲ್ಲಿ ಕೂಲಂಬನನ್ನು ನಂಬಿ ನಿಶ್ಚಿಂತರಾಗಿರಬಹುದು.

ಆದರೆ ೫ ಮಿಲಿಮೀಟರಿನ, ಒಳಗೆ ಟೊಳ್ಳಾದ ಫೆಲ್ಡ್‌ಸ್ಪಾರ್ ಕಣವನ್ನು ತೆಗೆದುಕೊಳ್ಳೋಣ. ಅದರ ಪಾಲಿಗೆ ಬರುವ ಸರಾಸರಿ ಬಲ ೩ ನ್ಯೂಟನ್. ಬಲದ ಸರಪಣಿಯಲ್ಲಿ ಸಿಕ್ಕಿದ ಕಣಕ್ಕೆ ಅದರ ಕೆಲವು ಪಟ್ಟು. ಬೆರಳಿನ ಹಗುರವಾದ ಒತ್ತಿಗೆ ಹಿಟ್ಟಾಗುವ ಕಣವು ಇಷ್ಟು ಬಲಕ್ಕೆ ಒಡೆಯುವುದು ಅಸಂಭವವೇನಲ್ಲ; ನೀರು ಸೇರಿದಾಗಲಂತೂ ಅದು ಮತ್ತಷ್ಟು ದುರ್ಬಲ. ಲಾರಿಯ ಚಕ್ರದ ಕೆಳಗಿನ ಒತ್ತಡವನ್ನು ೭೫೦ ಕಿಲೊಪ್ಯಾಸ್ಕಲ್ ಎಂದು ಹಿಡಿದರೆ ಅದೇ ಕಣದ ಮೇಲೆ ಸುಮಾರು ೧೯ ನ್ಯೂಟನ್ ಬೀಳುತ್ತದೆ. ಅದೂ ಒಮ್ಮೆಯಲ್ಲ, ದಿನವೂ ಸಾವಿರಾರು ಬಾರಿ. ಆದ್ದರಿಂದ ಕಣಭಂಗವು ದೂರದ ಸಮುದ್ರದ ಸಮಸ್ಯೆಯೆಂದು ಭಾವಿಸುವಂತಿಲ್ಲ. ಗರಸನ್ನು ಹರಡಿ ಉರುಳುಗಲ್ಲಿನಿಂದ ಒತ್ತಿದ ರಸ್ತೆಯಲ್ಲಿ, ಅಗೆದ ಮಣ್ಣನ್ನೇ ತಂದು ತುಂಬಿದ ತಗ್ಗಿನಲ್ಲಿ, ನೀರು ಬಸಿಯಲೆಂದು ಗೋಡೆಯ ಹಿಂದೆ ಸುರಿದ ಜಲ್ಲಿಯಲ್ಲಿ ಅದು ನಡೆಯುತ್ತಿರಬಹುದು. ತುಂಬುವ ದಿನ ನೀರನ್ನು ಬಸಿದ ಮಣ್ಣು ಕೆಲವು ಮಳೆಗಾಲಗಳ ನಂತರ ಬಸಿಯದಿದ್ದರೆ ಈ ಕಾರಣವನ್ನೂ ಪರಿಶೀಲಿಸುವುದು ಯುಕ್ತ.

ಇಲ್ಲಿ ನಮ್ಮ ಪ್ರಯೋಗಶಾಲೆಗಳ ಬಗ್ಗೆಯೂ ಒಂದು ಮಾತು. ಶಿಥಿಲಶಿಲೆಯ ಮಣ್ಣನ್ನು ಜರಡಿಯಂತ್ರದಲ್ಲಿ ಅಲುಗಾಡಿಸಿದಷ್ಟೂ ಅದು ಒಡೆಯುತ್ತದೆ. ಹತ್ತು ನಿಮಿಷ ಅಲುಗಾಡಿಸಿದ ವಿದ್ಯಾರ್ಥಿಗೂ ಇಪ್ಪತ್ತು ನಿಮಿಷ ಅಲುಗಾಡಿಸಿದವನಿಗೂ ಬೇರೆಬೇರೆ ವಕ್ರರೇಖೆಗಳು ಬರುತ್ತವೆ. ಅಧ್ಯಾಪಕರು ಇದನ್ನು ಕೈತಪ್ಪೆಂದು ತಿದ್ದುತ್ತಾರೆ. ಅದು ತಪ್ಪಲ್ಲ, ಮಾಹಿತಿ. ಒಂದೇ ಮಣ್ಣನ್ನು ಎರಡು ಅವಧಿಗಳವರೆಗೆ ಅಲುಗಾಡಿಸಿ, ಎರಡು ರೇಖೆಗಳ ನಡುವಿನ ಕ್ಷೇತ್ರವನ್ನು ಹಾರ್ಡಿನ್ನನ ಕ್ರಮದಲ್ಲಿ ಅಳೆದರೆ ಹೆಚ್ಚಿನ ಉಪಕರಣವೇನೂ ಇಲ್ಲದೆ ಕಣದ ಗಟ್ಟಿತನದ ಮೊದಲ ಸುಳಿವು ದೊರಕುತ್ತದೆ. ಅಂಥ ಕಣಗಳನ್ನು ಆರಿಸಿ ಒಂದೊಂದನ್ನಾಗಿ ಎರಡು ಫಲಕಗಳ ನಡುವೆ ಸೀಳಿ, ಮೂವತ್ತು ನಲವತ್ತು ಕಣಗಳ ಬಲವನ್ನು ಕ್ರಮವಾಗಿ ಬರೆದರೆ ವೈಬುಲ್ಲನ ಘಾತಾಂಕವೂ ಸಿಕ್ಕುತ್ತದೆ. ಗಣಕಯಂತ್ರವು ಕೇಳುವುದು ಈ ಎರಡು ಅಂಕಿಗಳನ್ನೇ. ಇವನ್ನು ಅಳೆಯದೆ, ಬೇರೆ ದೇಶದ ಬೆಣಚಿನ ಮರಳಿಗೆಂದು ಆರಿಸಿದ ಅಂಕಿಗಳನ್ನೇ ಹಾಕಿ ನಮ್ಮ ಗರಸನ್ನು ಅನುಕರಿಸಿದರೆ, ನಾರ್ತ್ ರ‍್ಯಾಂಕಿನ್ನಿನಲ್ಲಿ ಕಂಬಗಳನ್ನು ಹೊಡೆದವರ ದೋಷವನ್ನೇ ನಾವು ಯಂತ್ರದ ಮುಂದೆ ಕುಳಿತು ಮಾಡಿದಂತಾಗುತ್ತದೆ.

ಸೀತಾರಾಮ್ ಮತ್ತು ಅನ್ಬಳಗನ್ ಅವರು ಬೆಂಗಳೂರಿನ ಭೂಕಂಪ ಸೂಕ್ಷ್ಮವಲಯೀಕರಣಕ್ಕಾಗಿ ಎಂಟುನೂರಕ್ಕೂ ಹೆಚ್ಚು ಕೊರೆತಗಳ ವಿವರಗಳನ್ನು ಕಲೆಹಾಕಿದ್ದರು. ಹೂಳು ತುಂಬಿದ ಕೆರೆಗಳ ನೆಲ ಉಳಿದುದಕ್ಕಿಂತ ಭಿನ್ನವೆಂಬುದನ್ನೂ ಗಮನಿಸಿದ್ದರು. ಆ ಸಮೀಕ್ಷೆಯ ಸುಮಾರು ೨೨೦ ಚದರ ಕಿಲೊಮೀಟರ್ ಕ್ಷೇತ್ರವು ಹಳೆಯ ನಗರಪಾಲಿಕೆಯ ಎಲ್ಲೆಯದು. ೨೦೦೭ರಲ್ಲಿ ಸೇರಿದ ತಣಿಸಂದ್ರದಂಥ ಊರುಗಳು ಅದರ ಹೊರಗಿದ್ದವು. ಅಲ್ಲಿಂದೀಚೆಗೆ ಈ ಊರುಗಳಲ್ಲಿ ಪ್ರತಿಯೊಂದು ಕಟ್ಟಡಕ್ಕೂ ಕೊರೆಸಿದ ಮಣ್ಣು ಪೆಟ್ಟಿಗೆಗಳಲ್ಲಿ ಮೇಲಕ್ಕೆ ಬಂದು, ವರದಿ ಬರೆದಾದ ಮೇಲೆ ಎಸೆಯಲ್ಪಡುತ್ತಿದೆ. ಕಾಲೇಜುಗಳು ಆ ಪೆಟ್ಟಿಗೆಗಳನ್ನು ಕೇಳಿ ತರಿಸಿಕೊಂಡು ಕಣಗಳ ಬಲವನ್ನು ಅಳೆದಿಡುವುದು ದೊಡ್ಡ ವೆಚ್ಚದ ಕಾರ್ಯವಲ್ಲ.

ಮೇಲಿನ ಸಮೀಕ್ಷೆಯಿಂದ ಫಲಿತವಾಗುವುದಿಷ್ಟು. ಕಣವು ಒಡೆಯುವುದಿಲ್ಲವೆಂಬುದು ಶಾಸ್ತ್ರದ ಸಿದ್ಧಾಂತವಾಗಿರಲಿಲ್ಲ, ಅನುಕೂಲವಾಗಿತ್ತು; ಕಟ್ಟೆಯೂ ಕಂಬವೂ ಆ ಅನುಕೂಲದ ಎಲ್ಲೆಯನ್ನು ತೋರಿಸಿದವು. ಗಣಕಯಂತ್ರವು ಎಲ್ಲೆಯಾಚೆಗಿನ ವ್ಯಾಪಾರವನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಆದರೆ ಅದಕ್ಕೆ ಕೊಡಬೇಕಾದ ಕಣವನ್ನು ನಾವು ನೆಲದಿಂದಲೇ ತೆಗೆಯಬೇಕು. ತಣಿಸಂದ್ರದ ಪಾಯದ ಗುಂಡಿಯಲ್ಲಿ ಕೆಲಸಗಾರನೊಬ್ಬನು ಗರಸನ್ನು ಹಿಡಿದು ಬೆರಳಿನಿಂದ ಒತ್ತಿ, ಇದು ಗಟ್ಟಿ, ಇದು ಹುಡಿ ಎಂದು ಬೇರ್ಪಡಿಸುವುದುಂಟು. ಆ ಬೆರಳಿನ ತಿಳಿವಳಿಕೆಗೆ ಅಂಕಿಗಳನ್ನು ಕೊಡುವುದೇ ನಮ್ಮ ಮುಂದಿರುವ ಕಾರ್ಯ.